ಗೋಮಾಳದ ಚಹಾದಂಗಡಿ, ಎರಡು ಪಾರ್ಟಿ

ಮೈಕ್ ಬಾಡಿಗೆಗೆ ಕೊಡುವವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ತಮಾಷೆಯೇ ಅಡ್ರೆಸ್ ಕೇಳಿಕೊಂಡು ಬರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರ, ಸೊರಬ ಎರಡೂ ಕಡೆಯ ಸಭೆಗಳಿಗೆ ಹೋಗುತ್ತಿದ್ದದ್ದು ನನ್ನ ಮೈಕ್. ಹಳೇ ಪಾರ್ಟಿಯೂ ನನ್ನ ಗಿರಾಕಿ, ಹೊಸ ಪಾರ್ಟಿಯೂ ನನ್ನ ಗಿರಾಕಿ. ಇಬ್ಬರ ಭಾಷಣವನ್ನೂ ಪೂರ್ತಿ ಕೇಳಿದವನು ನಾನೊಬ್ಬನೇ. ಹಾಗಾಗಿ ನನ್ನಷ್ಟು ತಲೆ ಕೆಟ್ಟವನೂ ಇನ್ನೊಬ್ಬನಿರಲಿಲ್ಲ.

ಕಟ್ಟಲೋ, ಬಿಚ್ಚಲೋ

ಸೊರಬದ ಉಳವಿ ಹತ್ತಿರದ ಒಂದು ಹಳ್ಳಿ. ಘಟ್ಟದ ಕೆಳಗಿನಿಂದ ಬಂದವನೊಬ್ಬ ಬಸ್ಸು ನಿಲ್ಲುವ ಕಡೆ, ಊರ ದನ ಮೇಯುವ ಗೋಮಾಳದ ಅಂಚಿನಲ್ಲಿ ಚಹಾದಂಗಡಿ ಹಾಕಿದ್ದ. ಚುನಾವಣೆ ಬಂತು. ಹಳೇ ಪಾರ್ಟಿಯ ಮುಖಂಡರು, "ಹೊರಗಿನವರು ನಮ್ಮ ದನದ ಹುಲ್ಲು ನುಂಗ್ತಿದಾರೆ. ಗೆದ್ದರೆ ಮೊದಲು ಆ ಅಂಗಡಿ ಕೀಳಿಸ್ತೀನಿ" ಅಂದರು. ಮಾರನೇ ದಿನ ಅದೇ ಮೈಕಿನಲ್ಲಿ ಹೊಸ ಪಾರ್ಟಿಯವರು, "ಹೊಟ್ಟೆಪಾಡಿಗೆ ಬಂದವರು ನಮ್ಮವರೇ" ಅಂದರು. ಇಬ್ಬರೂ ಭಾಷಣ ಮುಗಿಸಿ ಚಹಾ ಕುಡಿದದ್ದು ಅದೇ ಅಂಗಡಿಯಲ್ಲಿ.

ಅಂಗಡಿಯವನು ನನ್ನನ್ನು ಪಕ್ಕಕ್ಕೆ ಕರೆದ. "ಯಾರು ಗೆಲ್ತಾರೆ ಮಾರಾಯ್ರೆ? ನಾನು ಗಂಟುಮೂಟೆ ಕಟ್ಟಲೋ, ಬಿಚ್ಚಲೋ?"

"ಸದ್ಯಕ್ಕೆ ಅರ್ಧ ಕಟ್ಟಿಡು," ಅಂದೆ.

ಮಾತು ಯಾರದು

ಹೊಸ ಪಾರ್ಟಿ ಗೆದ್ದಿತು, ಅವನು ಗಂಟು ಬಿಚ್ಚಿದ. ಆದರೆ ಗೆದ್ದವರಿಗೆ, ಅಂಗಡಿ ಕೀಳಿಸಿ ಅಂತ ದನ ಸಾಕಿದವರ ಕಾಟ ಶುರುವಾಯಿತು. ಸೋತವರಿಗೆ ಘಟ್ಟದ ಕೆಳಗಿನವರಿಗೂ ಓಟಿದೆಯೆಂದು ಹೊಳೆಯಿತು. ಶಿಕಾರಿಪುರದ ಸಭೆಗೆ ಮುಂಚೆ ಹಳೇ ಪಾರ್ಟಿಯವರು ನನ್ನನ್ನು ಕರೆದು, "ಅವತ್ತು ಅವರು ಹೊಟ್ಟೆಪಾಡು ಅಂತ ಏನೋ ಚೆಂದ ಹೇಳಿದ್ರಲ್ಲ, ಪೂರ್ತಿ ಹೇಳು ನೋಡಾಣ" ಅಂದರು. ಹೇಳಿಕೊಟ್ಟೆ. ಹಿಂದಿನ ಸಲ ಯಾವ ಮಾತಿಗೆ ಚಪ್ಪಾಳೆ ಬಿದ್ದಿತ್ತೋ ಇಲ್ಲೂ ಅದಕ್ಕೇ ಬಿತ್ತು.

ಪಕ್ಕದಲ್ಲಿ ಕೂತಿದ್ದ ಈಸೂರಿನ ರೈತರೊಬ್ಬರು ಕೇಳಿದರು: "ಇವರು ಯಾವ ಪಾರ್ಟಿಯವರ್ರೀ?"

"ನನಗೂ ಗೊತ್ತಾಗ್ತಿಲ್ಲ."

"ಮೈಕ್ ನಿಮ್ಮದೇ ಅಲ್ಲೇನ್ರೀ?"

"ಮೈಕ್ ನಂದೇ, ಮಾತು ಯಾರದೋ."

ಬಲಕ್ಕೋ, ಎಡಕ್ಕೋ

ಕೊನೆಗೆ ಅಂಗಡಿಯ ಹಣೆಬರಹ ತೀರ್ಮಾನಿಸಲು ಗೆದ್ದ ಹೊಸ ಪಾರ್ಟಿಯ ಮುಖಂಡರೇ ಆ ಹಳ್ಳಿಯಲ್ಲಿ ಸಭೆ ಕರೆದರು. ಅಂಗಡಿಯವನ ಮುಖ ನೋಡಲಾಗುತ್ತಿರಲಿಲ್ಲ. ಅವನನ್ನು ಒಂಟಿ ಮಾಡಿ ತೋರಿಸಬೇಕೆಂದು ಮುಖಂಡರು ಮೈಕಿನಲ್ಲಿ, "ಊರವರು ಬಲಕ್ಕೆ ನಿಲ್ಲಿ, ಹೊರಗಿಂದ ಬಂದವರು ಎಡಕ್ಕೆ" ಅಂದರು.

ಮೊದಲು ಎದ್ದವರು ಪಟೇಲರ ಹೆಂಡತಿ. "ನಾನು ಹೊಸಬಾಳೆಯಿಂದ ಸೊಸೆಯಾಗಿ ಬಂದವಳು," ಅಂತ ಎಡಕ್ಕೆ ಹೋದರು. ಹಿಂದೆಯೇ ಊರಿನ ಅತ್ತೆ ಸೊಸೆಯರೆಲ್ಲ ಎದ್ದರು. ಕಂಕುಳ ಕೂಸುಗಳೂ ಎಡಕ್ಕೇ ಹೋದವು. ಬಲಕ್ಕೆ ಉಳಿದ ಗಂಡಸರು ರಾತ್ರಿ ಊಟದ ಗತಿ ಏನೆಂದು ಮುಖ ಮುಖ ನೋಡಿಕೊಂಡರು. ಅವರ ನಡುವೆ ಅಂಗಡಿಯವನೂ ನಿಂತಿದ್ದ.

"ನೀನ್ಯಾಕೋ ಅಲ್ಲಿ?" ಅಂದರು ಮುಖಂಡರು.

"ನಾನು ಬಂದಮೇಲೆ ಈ ಊರಿಗೆ ಎಷ್ಟೋ ಸೊಸೆಯಂದಿರು ಬಂದ್ರು ಸ್ವಾಮಿ. ಅವರೆಲ್ಲರಿಗಿಂತ ನಾನೇ ಹಳಬ."

ಮುಖಂಡರು ನನ್ನ ಕಡೆ ನೋಡಿದರು. ನಾನು ಮೈಕಿನ ವೈರು ನೋಡಿದೆ. ಅಷ್ಟರಲ್ಲಿ ಎಡಗಡೆಯಿಂದ ಅಜ್ಜಿಯೊಬ್ಬರು, "ನಿಮ್ಮದು ಶಿಕಾರಿಪುರ ಅಲ್ಲೇನ್ರೀ? ಈ ಕಡೆ ಬನ್ನಿ" ಅಂತ ಜರುಗಿ ಜಾಗ ಮಾಡಿಕೊಟ್ಟರು. ಪಾಪ, ಮುಖಂಡರು ವೇದಿಕೆ ಇಳಿದು ಎಡಕ್ಕೆ ಹೋಗಿ ನಿಂತರು.

ಅಂಗಡಿಯವನು ಕೈಮುಗಿದು ಬಹಳ ವಿನಯದಿಂದ ಹೇಳಿದ: "ಹೊರಗಿನವರನ್ನ ಕಳಿಸೋದು ಅಂತ ತೀರ್ಮಾನ ಆದ್ರೆ ಕೊನೇ ಬಸ್ಸು ಇನ್ನೂ ಇದೆ ಸ್ವಾಮಿ. ಚಹಾ ಕುಡ್ಕೊಂಡು ಹೊರಡಿ."