ಅಜ್ಜಿಯ ಮಂಡಿ, ನನ್ನ ಮಡಿ

ಆಪರೇಷನ್ ಥಿಯೇಟರಿನಲ್ಲಿ ನಗುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಹೊರಗಿನವರಿಗೆ ಗೊತ್ತಾಗುವುದಿಲ್ಲ ಅಷ್ಟೇ, ಯಾಕೆಂದರೆ ನಮ್ಮೆಲ್ಲರ ಬಾಯಿಗೂ ಮಾಸ್ಕ್ ಇರುತ್ತದೆ. ಭುಜ ಕುಲುಕಿದರೆ ಮಾತ್ರ ಸಿಕ್ಕಿಬೀಳುತ್ತೇವೆ. ಓದುವ ಕಾಲದಲ್ಲಿ ನಾನು ಹಾಗೆ ಸಿಕ್ಕಿಬಿದ್ದು ಬೈಸಿಕೊಂಡದ್ದು ಒಂದೆರಡು ಸಲವಲ್ಲ. ಈಗ ಅದೇ ಕೆಲಸಕ್ಕೆ ಸೇರಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ, ಆದ್ದರಿಂದ ಮಾಸ್ಕ್ ಇಳಿಸಿ ಧೈರ್ಯವಾಗಿ ಹೇಳುತ್ತೇನೆ.

ಓಟಿಗೂ ಡಿಗ್ರಿ

ನಾನು ಸೇರಿದ್ದು ಬಿಎಸ್ಸಿ ಆಪರೇಷನ್ ಥಿಯೇಟರ್ ಟೆಕ್ನಾಲಜಿ ಎಂಬ ಉದ್ದ ಹೆಸರಿನ ಡಿಗ್ರಿಗೆ. ಆಪರೇಷನ್ ಮಾಡುವುದು ಡಾಕ್ಟರು. ಅವರಿಗೆ ಬೇಕಾದ ಉಪಕರಣ, ಯಂತ್ರ, ದೀಪ, ಬಟ್ಟೆ ಎಲ್ಲವನ್ನೂ ಸಿದ್ಧ ಮಾಡಿ, ಪಕ್ಕದಲ್ಲಿ ನಿಂತು ಕೈಗೆ ಕೊಡುವುದು ನಾವು. ಇಷ್ಟನ್ನು ಚಾಮರಾಜಪೇಟೆಯ ನಮ್ಮ ರಸ್ತೆಗೆ ಬಿಡಿಸಿ ಹೇಳುವಷ್ಟರಲ್ಲಿ ಮೊದಲ ಸೆಮಿಸ್ಟರೇ ಮುಗಿದಿತ್ತು. ಸುಲಭವಾಗಲಿ ಎಂದು 'ಬಿಎಸ್ಸಿ ಓಟಿ' ಎನ್ನತೊಡಗಿದೆ. ಅದು ಇನ್ನೂ ಕೆಟ್ಟಿತು.

ಎದುರುಮನೆ ಆಂಟಿ ಗೇಟಿನ ಮುಂದೆ ರಂಗೋಲಿ ಬಿಡುತ್ತಾ ಕೇಳಿದರು, "ಏನಮ್ಮಾ ಓದ್ತಿದೀಯ ಈಗ?"

"ಬಿಎಸ್ಸಿ ಓಟಿ, ಆಂಟಿ."

ಅವರು ರಂಗೋಲಿ ಅರ್ಧಕ್ಕೇ ಬಿಟ್ಟು ಎದ್ದು ನಿಂತರು. "ಓಟೀಗೂ ಡಿಗ್ರಿ ಬಂತಾ? ನಮ್ಮನೆಯವ್ರು ಫ್ಯಾಕ್ಟರೀಲಿ ರಿಟೈರ್ ಆಗೋವರ್ಗೂ ಓಟಿ ಮಾಡಿದ್ರು ಕಣಮ್ಮಾ. ಒಂದು ಸರ್ಟಿಫಿಕೇಟೂ ಕೊಡ್ಲಿಲ್ಲ, ಪಾಪಿಗಳು!"

ಮನೆಯಲ್ಲಿ ಅಜ್ಜಿಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು. ಅಜ್ಜಿ ಎಂದರೆ ನನ್ನ ಅಪ್ಪನ ತಾಯಿ. "ಅಂದ್ರೆ ಡಾಕ್ಟ್ರು ಕೇಳಿದ್ದು ಎತ್ತಿ ಕೊಡೋದು. ಮನೇಲಿ ಒಂದು ಲೋಟ ನೀರು ಎತ್ತಿ ಕೊಡ್ದಿರೋಳು ಅಲ್ಲಿ ಹೋಗಿ ಏನ್ ಕೊಡ್ತೀಯೋ ಕಾಣೆ," ಎಂದರು.

ಅಜ್ಜಿಯದು ಕಟ್ಟುನಿಟ್ಟಿನ ಮಡಿ. ಬೆಳಗ್ಗೆ ಸ್ನಾನ ಮಾಡಿ, ಮಡಿಬಟ್ಟೆ ಉಟ್ಟು ಅಡುಗೆಮನೆ ಹೊಕ್ಕರೆಂದರೆ ಪೂಜೆ ಮುಗಿಯುವವರೆಗೆ ಯಾರೂ ಅವರನ್ನು ಮುಟ್ಟುವಂತಿಲ್ಲ. ಚಿಕ್ಕವಳಿದ್ದಾಗ ನಾನು ತಬ್ಬಿಕೊಳ್ಳಲು ಓಡಿಹೋದಾಗಲೆಲ್ಲ ಎರಡು ಕೈ ಮೇಲೆತ್ತಿ, "ಮುಟ್ಬೇಡ, ಮಡೀಲಿದೀನಿ!" ಎಂದು ಕೂಗುತ್ತಿದ್ದರು. ನನಗೆ ಅಳುವೇ ಬರುತ್ತಿತ್ತು. ಆ ಮಡಿಯ ಮೇಲಿನ ನನ್ನ ತಕರಾರು ಇವತ್ತಿಗೂ ಪೂರ್ತಿ ಹೋಗಿಲ್ಲ.

ಅಜ್ಜಿಯ ಬಲ ಮಂಡಿ ಸವೆದುಹೋಗಿತ್ತು. ಗವಿಪುರದ ಗುಡಿಗೆ ನಡೆದೇ ಹೋಗುತ್ತಿದ್ದವರು ದೇವರ ಮನೆ ಹೊಸ್ತಿಲು ದಾಟಲು ಗೋಡೆ ಹಿಡಿಯುವ ಹಾಗಾಗಿತ್ತು. ಆಪರೇಷನ್ ಮಾಡಿ ಹೊಸ ಮಂಡಿ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಅಜ್ಜಿ ಸುತರಾಂ ಒಪ್ಪಿರಲಿಲ್ಲ. "ಯಾವ್ಯಾವ್ದೋ ಮುಟ್ಟಿದ ಕೈಲಿ ಬಂದು ನನ್ನ ಮುಟ್ತಾರೆ. ನೀನು ಕಲ್ತು ಅಲ್ಲಿ ಒಳಗೆ ನಿಲ್ಲೋ ಹಾಗಾಗು, ಆವಾಗ ಮಲಗ್ತೀನಿ," ಎಂದು ನನಗೇ ತಗುಲಿಹಾಕಿದರು. ಹೀಗೆ ನನ್ನ ಡಿಗ್ರಿಗೂ ಅಜ್ಜಿಯ ಮಂಡಿಗೂ ಗಂಟು ಬಿತ್ತು.

ಅಂದಿನಿಂದ ನಾನು ಆಸ್ಪತ್ರೆಗೆ ಹೊರಟಾಗಲೆಲ್ಲ ಬಾಗಿಲಲ್ಲಿ ಒಂದೇ ಪ್ರಶ್ನೆ: "ಸ್ನಾನ ಆಯ್ತಾ?" ತಡವಾದ ದಿನಗಳಲ್ಲಿ ನಾನು, "ಅಲ್ಲಿ ಐದು ನಿಮಿಷ ಕೈ ತೊಳಿಯೋದಿರುತ್ತೆ ಅಜ್ಜೀ," ಎಂದು ಜಾರಿಕೊಳ್ಳುತ್ತಿದ್ದೆ.

"ಐದು ನಿಮಿಷ ಕೈ ತೊಳ್ಯೋಳಿಗೆ ಮೈ ತೊಳ್ಕೊಳೋಕೆ ಏನೇ ರೋಗ?" ಎಂಬ ಕೂಗು ಬಸ್ ಸ್ಟಾಪಿನವರೆಗೂ ಹಿಂದೆ ಬರುತ್ತಿತ್ತು.

ಹೊರಗೆ

ಮೊಣಕೈವರೆಗೆ ತಿಕ್ಕಿ ತೊಳೆದು, ಗೌನು ತೊಟ್ಟು, ಗ್ಲೌಸು ಹಾಕಿಕೊಂಡ ಮೇಲೆ ಕೈಗಳು ಎದೆಯ ಮುಂದೆಯೇ ಇರಬೇಕು. ಶುದ್ಧ ಮಾಡಿಟ್ಟ ಸಾಮಾನು ಬಿಟ್ಟು ಬೇರೆ ಏನನ್ನೂ ಮುಟ್ಟುವಂತಿಲ್ಲ. ಆ ಬೇರೆ ಏನನ್ನೂ ಎಂಬುದರಲ್ಲಿ ನಮ್ಮ ಮೂಗೂ ಸೇರುತ್ತದೆ. ನನ್ನ ಮೂಗಿಗೆ ಇದು ಹೇಗೆ ಗೊತ್ತಾಯಿತೋ, ಮೊದಲ ದಿನವೇ ಗ್ಲೌಸು ಹಾಕಿದ ಕೂಡಲೇ ತುರಿಸತೊಡಗಿತು. ತಡೆದೆ, ತಡೆದೆ, ಕೊನೆಗೆ ಮಣಿಕಟ್ಟಿನ ಹಿಂಭಾಗದಿಂದ ಮಾಸ್ಕಿನ ಮೇಲೆ ಒಂದೇ ಒಂದು ಸಲ ಒತ್ತಿಕೊಂಡೆ.

"ಹೊರಗೆ," ಎಂದರು ಸಿಸ್ಟರ್.

ಥಿಯೇಟರಿನ ಯಜಮಾನಿಕೆ ಈ ಸಿಸ್ಟರದು. ಹೆಚ್ಚು ಮಾತಿಲ್ಲ. ಹೊರಗೆ ಹೋಗಿ ಎಲ್ಲ ಕಳಚಿ, ಮೊದಲಿಂದ ತೊಳೆದು, ಹೊಸ ಗೌನು ತೊಟ್ಟು ಬಂದೆ. ಡಾಕ್ಟರಿಗೆ ದಾರಿ ಬಿಡಲು ಗೌರವದಿಂದ ಹಿಂದಕ್ಕೆ ಸರಿದಾಗ ಬೆನ್ನಿಗೆ ಡ್ರಿಪ್ ಹಾಕುವ ಕಂಬ ತಗುಲಿತು. ಅದನ್ನು ಬೀಳದಂತೆ ಹಿಡಿದುಕೊಂಡೆ.

"ಹೊರಗೆ. ಇನ್ಮೇಲೆ ಕಲಿಯೋವರ್ಗೂ ಟೇಬಲ್ ಹತ್ರ ಬರ್ಬೇಡ. ಗೋಡೆ ಪಕ್ಕ ನಿಂತು ನೋಡು, ಸಾಕು."

ಹೊರಬಾಗಿಲಲ್ಲಿ ನನ್ನ ಕ್ಲಾಸಿನವಳೊಬ್ಬಳು ನಿಂತಿದ್ದಳು. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದವಳು. ಅಜ್ಜಿಯ ಮಂಡಿ ನೆನೆಸಿಕೊಂಡು ನಾನು ಅಳುವ ಹಾಗಿದ್ದರೆ ಅವಳು ಸಮಾಧಾನ ಮಾಡಿದ್ದು ಹೀಗೆ: "ಹೋಗ್ಲಿ ಬಿಡು ಮಗಾ. ಥಿಯೇಟರಲ್ಲಿ ನಿಂಗೆ ಸಿನಿಮಾಗಿಂತ ಇಂಟರ್‌ವಲ್ಲೇ ಜಾಸ್ತಿ."

ಸೌಟು

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ನಗಲಿಲ್ಲ. ಗಂಭೀರವಾಗಿ, "ಇದು ಮಡಿ ಕಣೇ," ಎಂದರು.

"ಮಡಿ ಅಲ್ಲ ಅಜ್ಜೀ, ಇದು ಸ್ಟೆರೈಲ್. ಕ್ರಿಮಿಗಳು..."

"ಏನಾದ್ರೂ ಅನ್ನು. ಮುಟ್ಟಿದ್ರೆ ಹೋಯ್ತು ತಾನೆ?"

ಅದು ನಿಜವಾಗಿತ್ತು. "ಹಾಗಾದ್ರೆ ಮೂಗು ತುರಿಸಿದ್ರೆ ನೀನು ಏನ್ ಮಾಡ್ತಿದ್ದೆ?"

"ಏನೂ ಮಾಡ್ತಿರ್ಲಿಲ್ಲ. ತುರಿಸ್ಲಿ. ನಾವು ಮಾತಾಡಿಸ್ದೆ ಇದ್ರೆ ಅದಕ್ಕೇ ಬೇಜಾರಾಗಿ ಹೋಗುತ್ತೆ, ನಿಮ್ಮ ಎದುರುಮನೆ ಆಂಟಿ ಥರ."

ಮಾರನೇ ದಿನದಿಂದ ಅಜ್ಜಿ ಕುರ್ಚಿ ಹಾಕಿಕೊಂಡು ನಡುಮನೆಯಲ್ಲಿ ಪಾಠ ಶುರುಮಾಡಿದರು. ಮೊಣಕೈ ಮೈಗೆ ಅಂಟಿರಬೇಕು. ಮಡಿಯಲ್ಲಿ ಇಟ್ಟದ್ದಕ್ಕೆ ಬೆನ್ನು ತಿರುಗಿಸಬಾರದು. ಎದುರಿಗೆ ಯಾರಾದರೂ ಬಂದರೆ ನಾವೇ ಪಕ್ಕಕ್ಕೆ ಸರಿಯಬೇಕು, ಅವರು ಸರಿಯುತ್ತಾರೆ ಎಂದು ನಂಬಬಾರದು. ನಾನು ಎರಡೂ ಕೈ ಎತ್ತಿಕೊಂಡು ನಡುಮನೆಯಲ್ಲಿ ಓಡಾಡುತ್ತಿದ್ದಾಗ ಅಪ್ಪ ಆಫೀಸಿನಿಂದ ಬಂದರು. ಬಾಗಿಲಲ್ಲೇ ನಿಂತು, "ಯಾಕೆ, ಪೊಲೀಸ್ ಬಂದಿದಾರಾ?" ಎಂದು ಮೆಲ್ಲಗೆ ಕೇಳಿದರು.

ಅಭ್ಯಾಸ ಮಿತಿಮೀರಿತು. ಥಿಯೇಟರಿನಲ್ಲಿ ಡಾಕ್ಟರು ಕಣ್ಣೆತ್ತದೆ ಕೈಚಾಚಿ ಉಪಕರಣದ ಹೆಸರು ಹೇಳುತ್ತಾರೆ. ನಾವು ಅದೇ ಹೆಸರನ್ನು ತಿರುಗಿ ಹೇಳಿ, ಕೈಗೆ ಬಂತೆಂದು ಗೊತ್ತಾಗುವ ಹಾಗೆ ಅಂಗೈಯಲ್ಲಿ ಗಟ್ಟಿಯಾಗಿ ಇಡಬೇಕು. ಒಂದು ಭಾನುವಾರ ಅಪ್ಪ ಊಟದ ತಟ್ಟೆಯ ಮುಂದೆ ಪೇಪರ್ ಓದುತ್ತಾ, ಕಣ್ಣೆತ್ತದೆ ಕೈಚಾಚಿ, "ಸೌಟು," ಎಂದರು.

"ಸೌಟು," ಎಂದೆ. ಕುದಿಯುವ ಸಾರಿನಿಂದ ತೆಗೆದು ಪಟ್ ಎಂದು ಅಂಗೈಗೆ ಹೊಡೆದೆ.

ಪೇಪರು ಹಾರಿತು. ಅಪ್ಪ ಅಂಗೈ ಊದಿಕೊಳ್ಳುತ್ತಾ ಹೇಳಿದರು: "ನಾನು ಕೇಳಿದ್ದು ಸೌಟು ಕಣೇ, ಏಟು ಅಲ್ಲ!"

ಅನ್ನ ಮುಟ್ಟಿಲ್ಲ

ನಾನಿನ್ನೂ ಗೋಡೆ ಪಕ್ಕವೇ ಇದ್ದ ಕಾಲ. ಮಲ್ಲೇಶ್ವರದ ನಿವೃತ್ತ ಮೇಷ್ಟ್ರೊಬ್ಬರು ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಅರಿವಳಿಕೆ ಕೊಡುವುದು ಅಪಾಯ. "ಬೆಳಗ್ಗೆ ಉಪವಾಸ ಬನ್ನಿ," ಎಂದು ಹಿಂದಿನ ದಿನವೇ ಹೇಳಿ ಕಳಿಸಿದ್ದರು.

ಅರಿವಳಿಕೆ ಡಾಕ್ಟರು ಕೇಳಿದರು, "ಏನೂ ತಿಂದಿಲ್ಲ ತಾನೆ?"

"ಛೆ ಛೆ. ಶುದ್ಧ ಉಪವಾಸ."

ಎಲ್ಲರೂ ಒಪ್ಪಿದರು. ನಾನು ಗೋಡೆ ಪಕ್ಕದಿಂದ ನೋಡುತ್ತಿದ್ದೆ. ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಮೇಷ್ಟ್ರ ಬಿಳಿ ಮೀಸೆಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಹತ್ತಿರ ಹೋಗಿ ನೋಡಿದೆ. ಸಾಸಿವೆ.

"ಸಾರ್, ಇದು ಎಲ್ಲಿಂದ ಬಂತು?"

"ಒಗ್ಗರಣೆದಿರ್ಬೇಕಮ್ಮಾ."

"ಉಪವಾಸ ಅಂದ್ರಲ್ಲ!"

ಮೇಷ್ಟ್ರಿಗೆ ನಿಜವಾಗಿ ಸಿಟ್ಟು ಬಂತು. "ಉಪವಾಸಾನೇ! ಬೇಕಾದ್ರೆ ನಮ್ಮನೇಲಿ ಕೇಳಿ. ಅನ್ನ ಮುಟ್ಟಿಲ್ಲ. ಒಂದಿಷ್ಟು ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಒಂದು ಲೋಟ ಹಾಲು. ಏಕಾದಶಿಗೆ ನಮ್ಮಲ್ಲಿ ಇದೇ ಪದ್ಧತಿ."

ಆವತ್ತಿನ ಆಪರೇಷನ್ ಮುಂದಕ್ಕೆ ಹೋಯಿತು. ಸಿಸ್ಟರ್ ನನ್ನನ್ನು ಕರೆದರು. ಮತ್ತೆ 'ಹೊರಗೆ' ಎನ್ನುತ್ತಾರೆಂದು ನಾನೇ ಬಾಗಿಲ ಕಡೆ ಹೊರಟಿದ್ದೆ. "ಎಲ್ಲಿಗೆ? ಕಣ್ಣು ಚೆನ್ನಾಗಿದೆ ನಿಂದು. ಕೈನೂ ಹಾಗೇ ಇಟ್ಕೋ. ನಾಳೆಯಿಂದ ಟೇಬಲ್ ಹತ್ರ ಬಾ," ಎಂದರು. ನನಗಾದ ಸಂತೋಷಕ್ಕೆ ಮೇಷ್ಟ್ರ ಮೀಸೆಗೇ ನಮಸ್ಕಾರ ಮಾಡಬೇಕೆನ್ನಿಸಿತು.

ಮನೆಗೆ ಹೊರಡುವ ಮೊದಲು ಮೇಷ್ಟ್ರಿಗೆ ಬುದ್ಧಿ ಹೇಳುವ ಕೆಲಸವೂ ನನಗೇ ಬಂತು. "ಸಾರ್, ಇದು ಮಾಮೂಲಿ ಏಕಾದಶಿ ಅಲ್ಲ. ಅವಲಕ್ಕೀನೂ ಇಲ್ಲ, ಹಾಲೂ ಇಲ್ಲ. ನಿರ್ಜಲ ಅಂದ್ಕೊಳಿ."

"ಹಾಗೆ ಕನ್ನಡದಲ್ಲಿ ಹೇಳ್ಬೇಕಪ್ಪಾ!" ಎಂದು ಹೋದರು. ಮಾರನೇ ದಿನ ಒಣಗಿದ ತುಟಿಯಲ್ಲಿ ಬಂದು, ಟೇಬಲ್ ಮೇಲೆ ಮಲಗಿ, ಕೈಮುಗಿದು ಕೇಳಿದರು: "ಡಾಕ್ಟ್ರೇ, ಪಾರಣೆ ಎಷ್ಟು ಗಂಟೆಗೆ ಇಟ್ಟಿದೀರಾ?"

ಪರದೆಯ ಆಚೆ

ಬೆನ್ನಿಗೆ ಸೂಜಿ ಕೊಟ್ಟರೆ ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತದೆ. ರೋಗಿಗೆ ಎಚ್ಚರ ಇರುತ್ತದೆ. ಎದೆಯ ಹತ್ತಿರ ಒಂದು ಬಟ್ಟೆಯ ಪರದೆ ಕಟ್ಟಿರುತ್ತಾರೆ, ಅವರಿಗೆ ಏನೂ ಕಾಣುವುದಿಲ್ಲ. ಕಾಣದಿದ್ದರೂ ಅವರಿಗೆ ಕೇಳಿಸುತ್ತದೆ ಎಂಬುದನ್ನು ನಾವು ಮರೆತುಬಿಡುತ್ತೇವೆ.

ಪೇಟೆಯಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿದ್ದ ಯಜಮಾನರೊಬ್ಬರಿಗೆ ಕಾಲಿನ ಆಪರೇಷನ್. ಡಾಕ್ಟರು ಕೆಲಸ ಮಾಡುತ್ತಾ ಮಗಳ ಮದುವೆ ಸೀರೆಯ ವಿಷಯ ತೆಗೆದರು. ಯಾವುದೋ ದೊಡ್ಡ ಮಾಲಿನಲ್ಲಿ ತಂದದ್ದು, ಇಂತಿಷ್ಟಾಯಿತು ಎಂದು ಹೆಮ್ಮೆಯಿಂದ ಬೆಲೆ ಹೇಳಿದರು.

ಪರದೆಯ ಆಚೆಯಿಂದ ಒಂದು ಧ್ವನಿ ಬಂತು. "ಡಾಕ್ಟ್ರೇ, ನಿಮಗೆ ಟೋಪಿ ಹಾಕಿದಾರೆ."

ಡಾಕ್ಟರು ಗಾಬರಿಯಲ್ಲಿ ತಲೆಯ ಮೇಲಿನ ಹಸಿರು ಟೋಪಿ ಮುಟ್ಟಿನೋಡಿಕೊಳ್ಳಲು ಕೈ ಎತ್ತಿದರು. ಸಿಸ್ಟರ್ ಕೆಮ್ಮಿದರು. ಕೈ ಅರ್ಧದಲ್ಲೇ ಇಳಿಯಿತು. ಅಲ್ಲಿಂದ ಆಪರೇಷನ್ ಮುಗಿಯುವವರೆಗೆ ಯಜಮಾನರು ಜರಿ ಯಾವುದು ಅಸಲಿ, ಯಾವುದು ನಕಲಿ ಎಂದು ಮಲಗಿದಲ್ಲಿಂದಲೇ ಪಾಠ ಮಾಡಿದರು. ಡಾಕ್ಟರು ಸಾಕಾಗಿ, "ಆಯ್ತು ಯಜಮಾನ್ರೇ, ಇನ್ನು ಹೊಲಿಗೆ ಹಾಕ್ತಾ ಇದೀವಿ," ಎಂದರು.

"ಹಾಕಿ, ಹಾಕಿ. ಅಂಚಿಗೆ ಅಂಚು ಕೂಡ್ಸಿ ಹಾಕಿ. ಮನೆಗೆ ಹೋದ್ಮೇಲೆ ಬಿಚ್ಕೊಂಡ್ರೆ, ನಮ್ಮ ಅಂಗಡಿ ಥರ 'ಮಾರಿದ ಮಾಲು ವಾಪಸ್ ಇಲ್ಲ' ಅನ್ನೋ ಹಾಗಿಲ್ಲ ನೀವು!"

ಒಂದು ಸೊನ್ನೆ ವ್ಯತ್ಯಾಸ

ಕೊನೆಯ ವರ್ಷ ಅಜ್ಜಿ ಮಾತು ಉಳಿಸಿಕೊಂಡರು. ಮಂಡಿಗೂ ಮಡಿಗೂ ಒಂದು ಸೊನ್ನೆ ಅಷ್ಟೇ ವ್ಯತ್ಯಾಸ ಎಂದು ತಾವೇ ತಮಾಷೆ ಮಾಡಿಕೊಂಡು ಆಸ್ಪತ್ರೆ ಸೇರಲು ಒಪ್ಪಿದರು. ನಾನು ಸಿಸ್ಟರ ಮುಂದೆ ನಿಂತು ಬೇಡಿಕೊಂಡೆ. ಅವರು ತುಂಬ ಹೊತ್ತು ನನ್ನ ಕೈಗಳನ್ನೇ ನೋಡಿ, "ನಿಂತ್ಕೋ. ಆದ್ರೆ ಬಾಗಿಲ ಒಳಗೆ ನೀನು ಮೊಮ್ಮಗಳಲ್ಲ. ಏನಾದ್ರೂ ಮುಟ್ಟಿದ್ಯೋ, ಹೊರಗೆ," ಎಂದರು. ನಾನು ಹೊರಗೆ ಹೋದರೆ ಅಜ್ಜಿ ಟೇಬಲ್ಲಿನಿಂದ ಇಳಿದುಬಿಡುತ್ತಾರೆಂದು ನನಗೆ ಗೊತ್ತಿತ್ತು.

ಆವತ್ತು ಬೆಳಗ್ಗೆ ಮನೆಯಿಂದಲೇ ಹೊರಟೆವು. ಅಜ್ಜಿಗೆ ನೀರು ಕಾಯಿಸಿ, ಕೂರಿಸಿ ಸ್ನಾನ ಮಾಡಿಸಿ, ತಲೆ ಬಾಚಿ, ಟ್ಯಾಕ್ಸಿ ಹಿಡಿದು, ಅಪ್ಪನಿಗೆ ಧೈರ್ಯ ಹೇಳಿ ಸಾಕುಸಾಕಾಗಿತ್ತು.

ಅಜ್ಜಿಯನ್ನು ಒಳಗೆ ತಳ್ಳಿಕೊಂಡು ಬಂದಾಗ ನಾನು ಗೌನು ಗ್ಲೌಸು ತೊಟ್ಟು ಉಪಕರಣಗಳ ಮುಂದೆ ನಿಂತಿದ್ದೆ. ಹಸಿರು ಬಟ್ಟೆಯಲ್ಲಿ ಅಜ್ಜಿ ತುಂಬ ಚಿಕ್ಕವರಾಗಿ ಕಂಡರು. ದೊಡ್ಡ ದೀಪ, ಯಂತ್ರಗಳ ಸದ್ದು, ಮುಖವಿಲ್ಲದ ಜನ. ಅಷ್ಟು ಜನರಲ್ಲಿ ನನ್ನ ಕಣ್ಣು ಗುರುತು ಹಿಡಿದು, ಕೈ ನನ್ನ ಕಡೆ ಚಾಚಿದರು. ಜೀವಮಾನದಲ್ಲಿ ಮೊದಲ ಸಲ ಅಜ್ಜಿ ತಾವಾಗಿ ನನ್ನ ಕೈ ಹಿಡಿಯಲು ಬಂದಿದ್ದರು. ಹಿಡಿದುಕೊಳ್ಳಬೇಕೆಂದು ನನ್ನ ಜೀವ ಹಾತೊರೆಯಿತು. ಎರಡೂ ಕೈ ಎದೆಯ ಮುಂದೆ ಎತ್ತಿಕೊಂಡು ಒಂದು ಹೆಜ್ಜೆ ಸರಿದೆ.

"ಅಜ್ಜೀ, ಮುಟ್ಬೇಡ. ಮಡೀಲಿದೀನಿ."

ಅಜ್ಜಿ ಕೈಯನ್ನು ಸರಕ್ಕನೆ ಹಿಂದಕ್ಕೆಳೆದು ಎರಡೂ ಕೈ ಹೊಟ್ಟೆಯ ಮೇಲೆ ಜೋಡಿಸಿಕೊಂಡರು. ಪರಿಚಯದ ಜಾಗಕ್ಕೆ ಬಂದಂತೆ ಸುತ್ತ ಕಣ್ಣಾಡಿಸಿ, ಡಾಕ್ಟರ ಕಡೆ ತಿರುಗಿದರು.

"ಸ್ನಾನ ಆಯ್ತಾ?"

ಅಷ್ಟು ದೊಡ್ಡ ಡಾಕ್ಟರು ಸ್ಕೂಲು ಹುಡುಗನ ಹಾಗೆ, "ಆಯ್ತಮ್ಮಾ, ತಣ್ಣೀರಲ್ಲೇ ಮಾಡ್ದೆ," ಎಂದರು. ಅಜ್ಜಿಯ ಕಣ್ಣು ಮುಂದಕ್ಕೆ ಹೋಯಿತು. ಅರಿವಳಿಕೆ ಡಾಕ್ಟರು, "ಆಯ್ತು." ಸಿಸ್ಟರ್, ನನ್ನ ಸಿಸ್ಟರ್, "ಆಯ್ತಮ್ಮಾ." ಕೊನೆಗೆ ಆ ಕಣ್ಣು ನನ್ನ ಮೇಲೆ ಬಂದು ನಿಂತಿತು. ನನ್ನ ಕಣ್ಣಿನಿಂದ ನೀರು ಮಾಸ್ಕಿನೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳುವಂತಿರಲಿಲ್ಲ. ಮೂಗೂ ತುರಿಸುತ್ತಿತ್ತು. ಅದನ್ನು ಮಾತಾಡಿಸಲಿಲ್ಲ. ಅಜ್ಜಿಯ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಅಜ್ಜಿ ಅರೆಗಳಿಗೆ ನೋಡಿ, "ಹೂಂ, ಶುರು ಮಾಡಿ," ಎಂದರು.

ಆಪರೇಷನ್ ಚೆನ್ನಾಗಿ ಆಯಿತು. ಸಿಸ್ಟರ್ ಬಾಯಿಂದ 'ಹೊರಗೆ' ಎಂಬ ಮಾತು ಬರಲಿಲ್ಲ. ಮನೆಗೆ ಬಂದ ಮೇಲೆ ವಾಕರ್ ಹಿಡಿದು ಅಜ್ಜಿ ದೇವರ ಮನೆ ಹೊಸ್ತಿಲು ದಾಟಿದ ದಿನವೇ ಎದುರುಮನೆ ಆಂಟಿ ಹಣ್ಣು ಹಿಡಿದುಕೊಂಡು ಬಂದರು. "ಹೇಗಿತ್ತು ಅಮ್ಮಾ ಒಳಗೆ? ಮಡಿ ಗಿಡಿ ಎಲ್ಲ ಕೆಟ್ಟುಹೋಯ್ತೇನೋ ಪಾಪ," ಎಂದರು.

"ಎಲ್ಲಿ ಕೆಡುತ್ತೆ? ನಮ್ಮನೆಗಿಂತ ಕಟ್ಟುನಿಟ್ಟು ಕಣ್ರೀ ಅಲ್ಲಿ," ಎಂದು ಅಜ್ಜಿ ನನ್ನ ಕಡೆ ಓರೆಗಣ್ಣಲ್ಲಿ ನೋಡಿ ದನಿ ಏರಿಸಿದರು. "ಡಾಕ್ಟ್ರು, ಸಿಸ್ಟರು, ಅಷ್ಟೂ ಜನ ಸ್ನಾನ ಮಾಡ್ಕೊಂಡೇ ಬಂದಿದ್ರು. ನಮ್ಮನೆ ಹುಡುಗಿ ಒಬ್ಬಳನ್ನ ಬಿಟ್ಟು!"