ಬೋಳು ಮುಖದ ದಾಳ, ಬೀಗ ಹಾಕಿದ ಕೆಳಮನೆ

ನಾನು ವೃತ್ತಿಯಲ್ಲಿ ಟೆಸ್ಟರ್. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಅವರ ನಿದ್ದೆ ಕೆಡಿಸುವವನು. ತಪ್ಪು ಅಂದಮೇಲೆ ಅದಕ್ಕೊಂದು ಕಾರಣ ಇರಬೇಕು, ಎರಡನೇ ಸಲ ಮಾಡಿ ನೋಡಿದರೆ ಎರಡನೇ ಸಲವೂ ಕಾಣಬೇಕು. ಕಾಣದಿದ್ದರೆ ನಾನು ನಂಬುವುದಿಲ್ಲ. ಆದರೆ ಕಾರಣ ಸಿಗದ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ, ಅದೂ ಹಾಡಹಗಲು, ಅದೂ ನಾಲ್ಕು ಜನರ ಎದುರಿಗೆ.

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ವಾರಕ್ಕೊಂದರಂತೆ ಬೋರ್ಡು ತಗುಲಿಸುತ್ತಿದ್ದ ಕಾಲ ಅದು. ಆನ್‌ಸೈಟ್ ಕೆಲಸಕ್ಕೆಂದು ವಿದೇಶಕ್ಕೆ ಹೋಗಿ ಬಂದ ಸಹೋದ್ಯೋಗಿಯೊಬ್ಬ ಒಂದು ಆಟದ ಪುಸ್ತಕದ ಜೆರಾಕ್ಸ್ ತಂದುಕೊಟ್ಟ. ಅದರಲ್ಲಿ ಒಬ್ಬ ಕತೆ ಹೇಳಬೇಕು. ಉಳಿದವರು ಕತೆಯೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ರಾಜರು, ರಾಕ್ಷಸರು, ಪಾಳುಕೋಟೆಗಳ ಲೋಕ. ಕತೆ ಹೇಳುವ ಕೆಲಸ ನನ್ನದು. ಆಡುವವರು ನಮ್ಮ ಆಫೀಸಿನ ಮೂವರು: ಬಿಲ್ಲುಗಾರನಾಗಿ ಮೈಸೂರಿನವನು, ಮಂತ್ರವಾದಿಯಾಗಿ ಉಡುಪಿಯವಳು, ಕತ್ತಿ ಹಿಡಿದವನಾಗಿ ನಮ್ಮ ಲೋಕಲ್. ಲೋಕಲ್‌ನ ಅಪ್ಪ ಕನ್ನಡದವರು, ರಕ್ಷಣಾ ಕಾರ್ಖಾನೆಯ ನೌಕರರು, ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ.

೧. ಬಾಗಿಲು ತೆರೆದಿರಲಿ

ಮದುವೆಯಾಗದವನಿಗೆ ಆಗ ಹೈದರಾಬಾದಿನಲ್ಲಿ ಹೆಣ್ಣು ಸಿಕ್ಕರೂ ಮನೆ ಸಿಗುತ್ತಿರಲಿಲ್ಲ. ಹನ್ನೊಂದು ಮನೆಯವರು ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರು. ಹನ್ನೆರಡನೆಯದು ಸನತ್‌ನಗರದ ಹಳೇ ಮನೆ. ಕೆಳಗೆ ಮಾಲಕಿ, ಮೇಲೆ ಒಂದು ಕೋಣೆ, ಅಡುಗೆಮನೆ. ಮಾಲಕಿ ಬೀದರ್ ಕಡೆಯವರು. ಫೋರ್‌ಮನ್ ಆಗಿದ್ದ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಹುಬ್ಬಳ್ಳಿಯವನು ಎಂದಕೂಡಲೇ "ನಮ್ಮ ಮಾತಿನವ ಸಿಕ್ಕಿ ನೋಡಪಾ" ಎಂದು ಚಹಾ ಕೊಟ್ಟರು. ನಾನು ಅವರನ್ನು ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ಕಾಕೂ ಎಂದು ಕರೆದೆ. ಮನೆ ಸಿಕ್ಕಿತು.

ಕಾಕೂ ಹಾಕಿದ ಷರತ್ತು ಒಂದೇ. "ಗೆಳ್ಯಾರು ಬರ್ಲಿ, ಬ್ಯಾಡ ಅನ್ನಂಗಿಲ್ಲ. ಹುಡುಗಿ ಯಾರರ ಬಂದ್ರ ಬಾಗಲಾ ತೆರದಿಟ್ಟು ಕೂಡಬೇಕು ನೋಡು ತಮ್ಮಾ."

ಹಾಗಾಗಿ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಬಾಗಿಲು ಪೂರ್ತಿ ತೆರೆದಿರುತ್ತಿತ್ತು. ನಾವು ಆಡಿದ ಮಾತೆಲ್ಲ ಮೆಟ್ಟಿಲಿಳಿದು ನೇರ ಕಾಕೂ ಅವರ ಕಿವಿಗೆ ಹೋಗುತ್ತಿತ್ತು. ಎರಡನೇ ವಾರ ಉಡುಪಿಯವಳು ಚಕ್ಕುಲಿ ಮುರಿಯುತ್ತ, "ತಲೆ ಕಡಿದು ಆಯ್ತಲ್ಲ, ಇನ್ನು ಹೆಣ ಬಾವಿಗೆ ಹಾಕುವ. ಯಾರಿಗೂ ಗೊತ್ತಾಗುದಿಲ್ಲ" ಎಂದಳು. ತಲೆ ಎತ್ತಿದರೆ ಬಾಗಿಲಲ್ಲಿ ಕಾಕೂ, ಎದೆಯ ಮೇಲೆ ಕೈಯಿಟ್ಟುಕೊಂಡು ನಮ್ಮ ತಲೆಗಳನ್ನು ಎಣಿಸುತ್ತಿದ್ದಾರೆ.

ಇದು ಆಟ, ಸತ್ತವನು ಕತೆಯೊಳಗಿನ ರಾಕ್ಷಸ ಎಂದು ನಾಲ್ವರೂ ಒಟ್ಟಿಗೆ ಹೇಳಿದೆವು. ಕಾಕೂ ಪೂರ್ತಿ ಕೇಳಿಸಿಕೊಂಡರು. "ಆಟಾ ಆಡ್ರಿ. ಆದ್ರ ಇನ್ನೊಂದ್ಸಲ ನನ್ನ ಎದಿ ಒಡಿಸಿದ್ರ ಮನಿ ಖಾಲಿ ಮಾಡಬೇಕಾಕ್ಕೈತಿ." ಎರಡು ಮೆಟ್ಟಿಲು ಇಳಿದವರು ತಿರುಗಿ ನಿಂತರು. "ಮತ್ತ ಬಾವ್ಯಾಗ ಮಾತ್ರ ಹಾಕಬ್ಯಾಡ್ರಿ. ನೀರು ಕುಡ್ಯೂದು ಅದರಾಗಿಂದಽ."

೨. ನಾಚಾರಂನಿಂದ ಬಂದದ್ದು

ಆಟಕ್ಕೆ ಇಪ್ಪತ್ತು ಮುಖದ ದಾಳ ಬೇಕು. ಲೂಡೋ ದಾಳ ಬಿಟ್ಟರೆ ಅಂಗಡಿಗಳಲ್ಲಿ ಬೇರೇನೂ ಇರಲಿಲ್ಲ. ಅಲ್ಲಿಯವರೆಗೆ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತುತ್ತಿದ್ದೆವು. ಲೋಕಲ್, "ಅರೆ ಯಾರ್, ನಾಚಾರಂನಲ್ಲಿ ನಮ್ಮ ಮಾಮಾದು ವರ್ಕ್‌ಶಾಪ್ ಇದೆ, ಮಾಡಿಸ್ಕೊಂಡು ಬರ್ತೀನಿ, ಲೈಟ್ ತಗೋ, ಚಿಂತೆ ಬಿಡು" ಎಂದ. ನಾನು ರಟ್ಟಿನ ಮಾದರಿ ಮಾಡಿಕೊಟ್ಟೆ.

ಶುಕ್ರವಾರ ಬಂದದ್ದು ನಿಂಬೆಹಣ್ಣಿನ ಗಾತ್ರದ ಕಬ್ಬಿಣದ ಗುಂಡು, ಮುಖಮುಖಕ್ಕೂ ಅಂಕಿ ಹೊಡೆದದ್ದು. ಮಾಮಾ ಇದು ಯಾವ ಮೆಷಿನ್ನಿನ ಪಾರ್ಟು ಎಂದು ಕೇಳಿದರಂತೆ. ಇವನು, "ಇನ್ನೂ ಬರದೇ ಇರೋ ಮೆಷಿನ್ದು" ಎಂದನಂತೆ. ನಾನು ರೂಢಿಯಂತೆ ಒಂದರಿಂದ ಇಪ್ಪತ್ತರವರೆಗೆ ಹಾಳೆಯಲ್ಲಿ ಬರೆದುಕೊಂಡು, ಒಂದೊಂದೇ ಮುಖ ನೋಡಿ ಗುರುತು ಹಾಕಿ, ಕಪಾಟಿನಲ್ಲಿಟ್ಟೆ.

ಭಾನುವಾರ ಮೈಸೂರಿನವನು ಮೊದಲ ಸಲ ಎಸೆದ. ಶಹಾಬಾದ್ ಕಲ್ಲಿನ ನೆಲದ ಮೇಲೆ ಧಡ್ ಎಂದು ಬಿದ್ದು ಉರುಳಿ ನಿಂತಿತು. ಮೇಲಿನ ಮುಖದಲ್ಲಿ ಏನೂ ಇರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆವು. ಉಳಿದ ಹತ್ತೊಂಬತ್ತೂ ಇವೆ, ಹದಿನಾಲ್ಕು ಇಲ್ಲ. ಅದು ಇರಬೇಕಾದ ಜಾಗ ನುಣ್ಣಗೆ, ಬೋಳಾಗಿ, ಬೇಸಿಗೆಯಲ್ಲೂ ತಣ್ಣಗಿತ್ತು. ಮಾಮಾಗೆ ಫೋನ್ ಮಾಡಿದರೆ, ಇಪ್ಪತ್ತೂ ನಾನೇ ಕೈಯಾರೆ ಹೊಡೆದದ್ದು ಎಂದು ಆಣೆ ಮಾಡಿದರು.

ನಾನು ಶುಕ್ರವಾರದ ಹಾಳೆ ತೆಗೆದೆ. ಹದಿನಾಲ್ಕರ ಮುಂದೆ ನನ್ನದೇ ಕೈಯ ಗುರುತು ಇತ್ತು. ಮೈಸೂರಿನವನು ಹಾಳೆಯನ್ನೂ ನನ್ನನ್ನೂ ನೋಡಿದ. "ದಾಳ ಹಾಳಾಗ್ ಹೋಗ್ಲಿ ಗುರು. ನಮ್ಮ ಪ್ರಾಜೆಕ್ಟನ್ನ ಟೆಸ್ಟ್ ಮಾಡಿದ್ದೂ ನೀನೇ ತಾನೇ?"

೩. ಆಕಾಶದ ಪೆಟ್ಟಿಗೆ

ಬೋಳು ಮುಖ ಬಿದ್ದರೆ ಈ ಲೋಕದ್ದಲ್ಲದ ವಸ್ತುವೊಂದು ಕತೆಯೊಳಗೆ ಬರಬೇಕು ಎಂದು ನಾವೇ ಹೊಸ ನಿಯಮ ಮಾಡಿಕೊಂಡೆವು. ಅರ್ಧ ಗಂಟೆಯಲ್ಲಿ ಬಿತ್ತು. ಕೋಟೆಯ ನೆಲಮಾಳಿಗೆಯಲ್ಲಿ ನಾನೊಬ್ಬ ರಾಕ್ಷಸಿಯನ್ನು ಸಿದ್ಧ ಮಾಡಿಟ್ಟಿದ್ದೆ. ಅವಳನ್ನು ಬಿಟ್ಟು, ಸಾವಿರ ವರ್ಷದ ಹಿಂದೆ ಆಕಾಶದಿಂದ ಬಿದ್ದ ಲೋಹದ ಪೆಟ್ಟಿಗೆಯೊಂದನ್ನು ತಂದೆ. ಬೀಗವಿಲ್ಲ, ಚಿಲಕವಿಲ್ಲ. ಗೋಡೆ ಬೆಚ್ಚಗಿದೆ. ಒಳಗೆಲ್ಲೋ ಹಸಿರು ದೀಪ, ಯಾರೋ ಉಸಿರಾಡುವ ಸದ್ದು.

ಭಾನುವಾರ ಸನತ್‌ನಗರದ ಕಾರ್ಖಾನೆಗಳಿಗೆ ರಜೆ. ವಾರವಿಡೀ ಗುಂಯ್ ಎನ್ನುವ ಊರು ಅವತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ಆ ಮೌನದಲ್ಲಿ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

"ಆಫ್ ಮಾಡಿ ಆನ್ ಮಾಡ್ತೀನಿ" ಎಂದ ಮೈಸೂರಿನವನು.

"ನೀನು ಬಿಲ್ಲುಗಾರ ಕಣೋ. ಸ್ವಿಚ್ಚೇ ನೋಡಿಲ್ಲ."

"ಹಾಗಾದ್ರೆ ಪಕ್ಕಕ್ಕೆ ಎರಡು ಬಾರಿಸ್ತೀನಿ. ನಮ್ಮನೆ ಟಿವಿ ಸರಿಹೋಗೋದೇ ಹಾಗೆ."

ಉಡುಪಿಯವಳಿಗೆ ಸಿಟ್ಟು ಬಂತು. "ಬಡಿಯುದು ಎಂತಕ್ಕೆ ಮಾರಾಯ? ಎಷ್ಟು ವರ್ಷದಿಂದ ಒಬ್ಬನೇ ಕೂತಿದ್ದಾನೋ ಏನೋ. ಮೊದಲು ಎಲ್ಲರೂ ಚಪ್ಪಲಿ ತೆಗೀರಿ. ಕೈಮುಗಿದು, ಎಂತ ಬೇಕು ಅಂತ ಕೇಳುವ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ದನಿ ತಗ್ಗಿಸಿ, "ಪೆಟ್ಟಿಗೆಯೊಳಗಿಂದ ಮೂರು ಸಲ ಸದ್ದು ಬಂತು" ಎಂದೆ. ಮೂಲೆಯಲ್ಲಿದ್ದ, ಕರೆಂಟು ಹೋದಾಗ ಮಾತ್ರ ಕೂಗುವ ಕಂಪ್ಯೂಟರಿನ ಯುಪಿಎಸ್ ಕೀಂ, ಕೀಂ, ಕೀಂ ಎಂದಿತು.

ಕರೆಂಟು ಇತ್ತು. ಕಂಪ್ಯೂಟರ್ ರಿಪೇರಿಗೆ ಹೋಗಿ ವಾರವಾಗಿತ್ತು. ಯುಪಿಎಸ್‌ನ ವೈರನ್ನು ನಾನೇ ಪ್ಲಗ್ಗಿನಿಂದ ಕಿತ್ತು, ಸುತ್ತಿ ಅದರ ನೆತ್ತಿಯ ಮೇಲಿಟ್ಟಿದ್ದೆ. ಮೈಸೂರಿನವನು ಎದ್ದು, ಬೂಟು ಬಿಚ್ಚಿ ಹೊರಗಿಟ್ಟು ಬಂದು ಕೈಮುಗಿದ. ಆಮೇಲೆ ಅವನ ಕಾಲ್ಚೀಲದ ವಾಸನೆಗೆ ಮಂತ್ರವಾದಿಯ ಬಳಿಯೂ ಮಂತ್ರವಿರಲಿಲ್ಲ.

೪. ಹೌದಿಗೆ ಒಂದು, ಇಲ್ಲಕ್ಕೆ ಎರಡು

ಮರುದಿನ ಆಫೀಸಿಗೆ ಹೊರಟಾಗ ಕಾಕೂ ಮೆಟ್ಟಿಲ ಬುಡದಲ್ಲಿ ಹಿಡಿದರು. "ನನ್ನ ದೇವರ ಕೋಣಿ ಮ್ಯಾಲ ಅದೇನು ಧಡ್ ಧಡ್ ಅಂತೈತಿ? ಪಟಾ ಎಲ್ಲಾ ಅಳ್ಳಾಡಾಕತ್ತಾವು. ಮುಂದಿನ ಐತ್ವಾರ ಒಂದು ಸಪ್ಳಾ ಕೇಳಿಸ್ಲಿ, ಅವತ್ತಽ ಮನಿ ಖಾಲಿ."

ಹನ್ನೊಂದು ಬಾಗಿಲುಗಳೂ ಕಣ್ಣ ಮುಂದೆ ಬಂದವು. ಇನ್ನೊಮ್ಮೆ ಮನೆ ಹುಡುಕುವ ಶಕ್ತಿ ನನಗಿರಲಿಲ್ಲ. ಮುಂದಿನ ಭಾನುವಾರ ಹೊದೆಯುವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ದಾಳ ಎಸೆಯಲು ಹೇಳಿದೆ. ಎಲ್ಲರೂ ಪಿಸುದನಿಯಲ್ಲೇ ಮಾತಾಡಬೇಕು. ಪೆಟ್ಟಿಗೆಯೂ ಬಾಯಿಬಿಡುವುದಿಲ್ಲ. ಪ್ರಶ್ನೆ ಕೇಳಿದರೆ ನಾನು ಬಿಸ್ಕೀಟಿನ ಡಬ್ಬಿಯನ್ನು ಉಗುರಿನಿಂದ ತಟ್ಟುತ್ತೇನೆ. ಒಂದು ಸಲ ಎಂದರೆ ಹೌದು, ಎರಡು ಸಲ ಎಂದರೆ ಇಲ್ಲ.

ಲೋಕಲ್ ಪಿಸುಗುಟ್ಟಿದ. "ನೀನು ಆಕಾಶದಿಂದ ಬಂದಿದ್ದಾ?"

ನನ್ನ ಬೆರಳು ಇನ್ನೂ ಡಬ್ಬಿ ಮುಟ್ಟಿರಲಿಲ್ಲ. ನಮ್ಮ ಕಾಲ ಕೆಳಗಿನಿಂದ ಧಡ್ ಎಂದು ಒಂದು ಪೆಟ್ಟು ಬಂತು.

ಮನೆ ಹೋಯಿತು ಅಂದುಕೊಂಡೆ. ಕಾಕೂ ಕೋಲು ತಗೊಂಡು ಮಾಳಿಗೆಗೆ ಬಡಿಯುತ್ತಿದ್ದಾರೆ, ಸಂಶಯವಿಲ್ಲ. ಉಳಿದವರು ಇದು ನನ್ನ ಏರ್ಪಾಡು ಎಂದುಕೊಂಡರು. "ಸಕ್ಕತ್ತಾಗಿದೆ ಗುರು ಸೌಂಡು" ಎಂದ ಮೈಸೂರಿನವನು ನೆಲಕ್ಕೆ ಬಾಯಿಟ್ಟು ಕೇಳಿದ. "ನಾಳೆ ನಮ್ಮ ಕೋಡು ಕ್ಲೈಂಟಿಗೆ ಹೋಗುತ್ತಾ?"

ಧಡ್. ಧಡ್.

"ಮ್ಯಾನೇಜರ್ ಈ ಶನಿವಾರಾನೂ ನಮ್ಮನ್ನ ಆಫೀಸಿಗೆ ಕರೀತಾನಾ?" ಎಂದ ಲೋಕಲ್. ಅವನ ಮಾತು ಮುಗಿಯುವ ಮೊದಲೇ ಒಂದು ಧಡ್.

ಉಡುಪಿಯವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಎಂತ, ಇದು ನೀನು ಮಾಡುದಲ್ವಾ?" ನಾನು ಎರಡೂ ಕೈ ಎತ್ತಿ ತೋರಿಸಿ, ಕ್ಷಮೆ ಕೇಳಲು ಕೆಳಗೆ ಓಡಿದೆ.

ಕೆಳಗಿನ ಬಾಗಿಲಿಗೆ ಮುಷ್ಟಿಗಾತ್ರದ ಬೀಗ ನೇತಾಡುತ್ತಿತ್ತು. ಪಕ್ಕದ ಮನೆಯಾಕೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಕಾಕೂ ಬೆಳಿಗ್ಗೆಯೇ ಶಂಶಾಬಾದಿನ ಮಗಳ ಮನೆಗೆ ಹೋದರು, ಒಳಗೆ ಯಾರೂ ಇಲ್ಲ ಎಂದು ತೆಲುಗಿನಲ್ಲಿ ಹೇಳಿದರು. ಮೇಲೆ ಬಂದು ಅದನ್ನೇ ಹೇಳಿದೆ. ಮೈಸೂರಿನವನು ನೆಲದಿಂದ ಕಾಲೆತ್ತಿಕೊಂಡು ಕೇಳಿದ.

"ಅಂದ್ರೆ ನಾಳೆ ಕೋಡು ನಿಜವಾಗ್ಲೂ ಹೋಗಲ್ವಾ?"

೫. ಕಾಕೂ ಕೇಳಿದ ಪ್ರಶ್ನೆ

ಹೊರಗೆ ಹೋಗಬೇಕೆಂದರೆ ಆ ಬೀಗದ ಮುಂದೆಯೇ ಹೋಗಬೇಕು. ಯಾರಿಗೂ ಧೈರ್ಯ ಬರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕಾಕೂ ಬಂದರು. ಗೇಟಿನ ಸದ್ದು ಕೇಳಿದ್ದೇ ನಾನು ಓಡಿಹೋಗಿ, ಬೀಗಕ್ಕೆ ಕೈಹಾಕುವ ಮೊದಲೇ ತಡೆದು, ಮೇಲಕ್ಕೆ ಕರೆತಂದೆ. ದಾಳ, ಪೆಟ್ಟಿಗೆ, ಪೆಟ್ಟುಗಳು, ಒಂದೂ ಮುಚ್ಚಿಡದೆ ಹೇಳಿದೆ. ಮನೆ ಹೋದಂತೆಯೇ ಎಂದು ತೀರ್ಮಾನಿಸಿಬಿಟ್ಟಿದ್ದೆ. ಆದರೆ ಈ ಹೆಂಗಸು ಒಬ್ಬರೇ ಆ ಬೀಗ ತೆಗೆಯಬಾರದು ಅನ್ನಿಸಿತ್ತು.

ಕಾಕೂ ಸಿಟ್ಟಾಗಲಿಲ್ಲ. ಮಂಚದ ಅಂಚಿನಲ್ಲಿ ಮೆಲ್ಲಗೆ ಕೂತರು. "ನಮ್ಮನಿಯವರು ಹಿಂಗಽ ಮಾಡ್ತಿದ್ರು. ಮ್ಯಾಲ ಬಾಡಿಗಿಯವ್ರು ಗದ್ದಲಾ ಮಾಡಿದ್ರ ಛತ್ರಿ ತುದೀಲೆ ಮಾಳಗಿಗೆ ಬಡೀತಿದ್ರು."

"ಆ ಛತ್ರಿ ಈಗ ಎಲ್ಲೈತ್ರಿ ಕಾಕೂ?"

"ದೇವರ ಕೋಣ್ಯಾಗ ಐತಿ." ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ಮುಟ್ಟಿ ತೋರಿಸಿದರು. "ಕೀಲಿ ಇಲ್ಲೈತಿ."

ಕಾಕೂ ಮಂಚದಿಂದಿಳಿದು ಕೌದಿಯ ಮುಂದೆ ಕೂತರು. "ನಾನೂ ಒಂದು ಕೇಳ್ಲೇನು?" ಎಂದು, ಯಾರೂ ಹೇಳದೆಯೇ ದಾಳ ಎತ್ತಿ ಎಸೆದರು. ಬೋಳು ಮುಖ ಮೇಲೆ ಬಿತ್ತು. ಅವರು ತಲೆಗೆ ಸೆರಗು ಹೊದ್ದುಕೊಂಡು, ನೆಲದ ಕಡೆ ಬಾಗಿದರು.

"ನಾ ಅದೀನ್ರಿ. ನಲವತ್ತು ವರ್ಷ ಬೇಯ್ಸಿ ಹಾಕೀನಿ. ಒಂದು ದಿನಾರ ಚಲೋ ಆಗೈತಿ ಅನಲಿಲ್ಲ ನೀವು. ನನ್ನ ಅಡಗಿ ಚಲೋ ಇತ್ತೋ ಇಲ್ಲೋ? ಈಗರ ಹೇಳ್ರಿ."

ಕಾದೆವು. ಫ್ಯಾನು ತಿರುಗುತ್ತಿತ್ತು. ಕೆಳಗಿನಿಂದ ಒಂದು ಸದ್ದೂ ಇಲ್ಲ. ಅವರ ಕಣ್ಣು ತುಂಬಿತು. ಒಂದೇ ಒಂದು ಸಲ ಬಡಿಯಬಾರದೇ, ಯಾರಾದರಾಗಲಿ ಬಡಿಯಬಾರದೇ ಎಂದು, ನಂಬದವನು ನಾನೇ ಬೇಡಿಕೊಂಡೆ.

ಕಾಕೂ ಮೂಗು ಒರೆಸಿಕೊಂಡು ನಮ್ಮ ಕಡೆ ತಿರುಗಿದರು. "ನೋಡಿದ್ರಿ? ಬದುಕಿದ್ದಾಗೂ ಹಿಂಗಽ. ಊರ ಮಂದಿ ಕೇಳಿದ್ದಕ್ಕೆಲ್ಲಾ ಉತ್ತರಾ. ನಾ ಕೇಳಿದ್ರ ಬಾಯಿಗೆ ಬೀಗಾ."

ಧಡ್.

ಒಂದೇ ಪೆಟ್ಟು. ಕೌದಿಯ ಮೇಲಿದ್ದ ದಾಳ ಸಣ್ಣಗೆ ಅಲುಗಿತು. ಮೈಸೂರಿನವನು ನನ್ನ ಕಿವಿಯಲ್ಲಿ, "ಇದು ಅಡುಗೆಗೆ ಹೌದಾ, ಬೀಗಕ್ಕೆ ಹೌದಾ?" ಎಂದ. ಉಡುಪಿಯವಳು ಅವನ ತೊಡೆ ಚಿವುಟಿದಳು.

ಕಾಕೂ ಎರಡೂ ಕೈಯಿಂದ ಮುಖ ಒರೆಸಿಕೊಂಡು ಎದ್ದು ನಿಂತರು. ಹಿಂದೆಂದೂ ಕಾಣದ ಕಳೆ ಮುಖದಲ್ಲಿತ್ತು. ನಾನು ಹೆದರುತ್ತಲೇ, "ಕಾಕೂ, ಮನಿ ಯಾವಾಗ ಖಾಲಿ ಮಾಡ್ಲಿರಿ?" ಎಂದೆ.

"ಖಾಲಿ ಮಾಡಿದ್ರ ಕಾಲ ಮುರೀತೀನಿ" ಎಂದರು ಕಾಕೂ. "ನಲವತ್ತು ವರ್ಷದ್ದು ಕೇಳೂದು ಬಾಕಿ ಐತಿ. ಮೊದಲ ಆ ಕೌದಿ ತಗೀರಿ. ಮ್ಯಾಲ ಗದ್ದಲಾ ಆಗದ ಅವರು ಎಲ್ಲಿ ಬಾಯಿ ಬಿಡ್ತಾರ?"