ನಡುವೆ ಬಿದ್ದ ಬಾಲು

ಸಂಜೀವಪ್ಪನ ಬಾಳು ಕೆಟ್ಟದ್ದು ಒಂದೇ ಒಂದು ಮಾತಿನಿಂದ. ಆ ಮಾತು 'ನಿಂದು'.

ಬಾಲ್ ಬ್ಯಾಡ್ಮಿಂಟನ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಜೊತೆಯಾಗಿ ಆಡುವಾಗ ಹಳದಿ ಉಲ್ಲನ್ ಬಾಲು ಇಬ್ಬರ ನಡುವೆ ಬಂದರೆ ಒಬ್ಬರು 'ನಂದು' ಎಂದು ಕೂಗಿ ಮುನ್ನುಗ್ಗಬೇಕು. ಇಲ್ಲವೇ 'ನಿಂದು' ಎಂದು ಜೊತೆಗಾರರಿಗೆ ಬಿಟ್ಟುಕೊಡಬೇಕು. ಸಂಜೀವಪ್ಪ ಬಿಟ್ಟುಕೊಡುವವರ ಪೈಕಿ. ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಅವನು ಬಡ್ತಿ ಬಂದಾಗಲೂ ಪಕ್ಕದ ಮೇಜಿನವನ ಕಡೆ ಕೈ ತೋರಿಸಿದ್ದ. ಹೋಟೆಲಿನಲ್ಲಿ ತಟ್ಟೆಯ ಕೊನೆಯ ವಡೆಯನ್ನು ಅವನು ತಿಂದದ್ದನ್ನು ಕಂಡವರೇ ಇಲ್ಲ.

ಇಪ್ಪತ್ತು ವರ್ಷದ ಕೆಳಗೆ, ಅವನು ಕಲ್ಯಾಣದುರ್ಗದಲ್ಲಿದ್ದಾಗ, ಅವನ ಜೊತೆ ಆಡುತ್ತಿದ್ದವಳು ಸರಸ್ವತಮ್ಮ. ನಡುವೆ ಬಂದ ಬಾಲನ್ನೆಲ್ಲ ಅವನು 'ನಿಂದು' ಎನ್ನುತ್ತಿದ್ದ, ಅವಳು ನಗುತ್ತ ಹೊಡೆಯುತ್ತಿದ್ದಳು. ಇಬ್ಬರಿಗೂ ಮನಸ್ಸಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಒಂದು ದಿನ ಅವಳ ತಂದೆ ಇವನನ್ನು ಕರೆಸಿ, "ಏನಪ್ಪಾ, ನಮ್ ಹುಡುಗೀನ ಮಾಡ್ಕೊಳ್ಳೋ ಮನಸ್ಸೈತಾ?" ಎಂದು ನೇರವಾಗಿಯೇ ಕೇಳಿದರು. "ಅವಳು ಹೆಂಗಂದ್ರೆ ಹಂಗೆ," ಎಂದುಬಿಟ್ಟ ಸಂಜೀವಪ್ಪ. ಮದುವೆ ಮಾತಿನಲ್ಲೂ 'ನಿಂದು' ಎನ್ನುವವನಿಗೆ ಹೆಣ್ಣು ಕೊಡುವುದುಂಟೇ? ಬಳ್ಳಾರಿಯ ಕಂಟ್ರಾಕ್ಟರನೊಬ್ಬ ಬಂದು 'ನಂದು' ಎಂದ, ಕಟ್ಟಿಕೊಂಡು ಹೋದ. ಸಂಜೀವಪ್ಪ ಹಿಂದೂಪುರ ಸೇರಿ, ಮದುವೆಯ ಮಾತೆತ್ತಿದವರಿಗೆಲ್ಲ ಬೆನ್ನು ತೋರಿಸಿಕೊಂಡು, ತಲೆ ಅರ್ಧ ನರೆಯುವ ತನಕ ಆ ಮಾತನ್ನೇ ಮೆಲುಕು ಹಾಕುತ್ತ ಕೂತ.

ಎಂಬತ್ತಾರನೇ ಇಸವಿಯ ಬೇಸಗೆಯಲ್ಲಿ ಸುದ್ದಿ ತಂದವನು ಅವನ ಸಹೋದ್ಯೋಗಿ ಓಬುಳಪತಿ. ಓಬುಳಪತಿಯ ಹೆಂಡತಿಯ ತವರು ಕಲ್ಯಾಣದುರ್ಗ.

"ಲೇ ಸಂಜೀವ, ನಿನ್ ಸರಸ್ವತಮ್ಮ ಊರಿಗೆ ವಾಪಸ್ ಬಂದ್ಬುಟ್ಟವ್ಳೆ ಕಣ್ಲಾ! ಗಂಡ ತೀರ್ಕೊಂಡು ಬಾಳ ದಿನ ಆತಂತೆ. ಈಗ ಹೆಣ್ಮಕ್ಕಳ ಸ್ಕೂಲ್ನಾಗೆ ಡ್ರಿಲ್ ಟೀಚರು. ಭಾನುವಾರ ವಯಸ್ಸಾದೋರ ಟೂರ್ನಮೆಂಟು ಐತೆ. ಹಿಂದೂಪುರದಿಂದ ಸಂಜೀವಪ್ಪ ಬಂದ್ರೆ ಡಬಲ್ಸ್ ಆಡ್ತೀನಿ, ಇಲ್ದಿದ್ರೆ ಇಲ್ಲ ಅಂದವ್ಳಂತೆ!"

ಸಂಜೀವಪ್ಪನ ಕೈಯಲ್ಲಿದ್ದ ಟೀ ಅಂಗಿಯ ಮೇಲೆ ಚೆಲ್ಲಿತು. ಅಷ್ಟು ವರ್ಷ ಸತ್ತಂತಿದ್ದ ಆಸೆ ಎದೆಯೊಳಗೆ ಎದ್ದು ಕೂತಿತು.

"ಇನ್ನೊಂದ್ಸಲ ಬಾಲು ಬಂದೈತೆ," ಎಂದ ಓಬುಳಪತಿ. "ಈಗ್ಲೂ 'ನಿಂದು' ಅಂತ ನಿಂತ್ಕೊಂಡ್ಯೋ, ಮುಗೀತು. ಯಾವನಾದ್ರೂ ಬಂದು ಎತ್ಕೊಂಡೋಯ್ತಾನೆ."

ಭಾನುವಾರ ಬೆಳಗಾಗುತ್ತಲೇ ತರಬೇತಿ ಶುರುವಾಯಿತು. ಓಬುಳಪತಿ ಬೀದಿಯಲ್ಲಿ ನಿಂತು ನಿಂಬೆಹಣ್ಣು ಎಸೆಯುವುದು, ಸಂಜೀವಪ್ಪ 'ನಂದು' ಎಂದು ಕೂಗಿ ಹಿಡಿಯುವುದು. ಸಂಜೀವಪ್ಪನ ಗಂಟಲಿನಿಂದ 'ನಿಂ' ಎಂಬುದೇ ಹೊರಡುತ್ತಿತ್ತು, ನಿಂಬೆಹಣ್ಣು ಹಣೆಗೆ ಬಡಿಯುತ್ತಿತ್ತು. ಪಕ್ಕದ ಮನೆಯ ಮುನೆಮ್ಮ ಪೊರಕೆ ಹಿಡಿದುಕೊಂಡೇ ಬಂದು ನೋಡಿದಳು.

"ಅದೇನಪ್ಪಾ ಹಂಗೆ ಮುಲುಗ್ತೀಯ? ನಿನ್ ಹೆಂಡ್ರನ್ನ ಯಾವನೋ ಎಳ್ಕೊಂಡೋಯ್ತಾವ್ನೆ ಅಂತ ತಿಳ್ಕೊಂಡು ಕೂಗು!"

ಸಂಜೀವಪ್ಪನ ಕಣ್ಣಿಗೆ ಬಳ್ಳಾರಿಯ ಕಂಟ್ರಾಕ್ಟರ್ ಕಂಡ. "ನಂದೂ!" ಎಂದು ಅವನು ಕೂಗಿದ ರಭಸಕ್ಕೆ ಎದುರು ಮನೆಯ ಎಮ್ಮೆ ಗೂಟ ಕಿತ್ತಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. "ಸೊಸೇನ ಕರ್ಕೊಂಡೇ ಬಾ, ಆರತಿ ತಟ್ಟೆ ಇಟ್ಕೊಂಡು ಕಾಯ್ತಿರ್ತೀನಿ," ಎಂದು ಮುನೆಮ್ಮ ಹರಸಿ ಕಳಿಸಿದಳು.

ಕಲ್ಯಾಣದುರ್ಗದ ಬಸ್ಸು ಸೋಮಂದೇಪಲ್ಲಿ ಬಿಡುವ ಹೊತ್ತಿಗೆ ಕಂಡಕ್ಟರು ಇವರಿಬ್ಬರ ಸೀಟಿನ ಕೆಳಗೆ ಕಣ್ಣು ಹಾಯಿಸಿದ. ಅಲ್ಲೊಂದು ಬುಟ್ಟಿ. ಬುಟ್ಟಿಯೊಳಗೆ ಕೋಳಿಗಳು.

"ಎವರಿದಯ್ಯಾ ಈ ಲಗೇಜು? ಯಾರ್ದು?"

ಯಾರೂ ಬಾಯಿ ಬಿಡಲಿಲ್ಲ. ಓಬುಳಪತಿ ಮೊಣಕೈಯಿಂದ ತಿವಿದ. "ಲೇ, ಪ್ರಾಕ್ಟೀಸು! ಕೂಗ್ಲಾ!"

"ನಂದು!" ಎಂದ ಸಂಜೀವಪ್ಪ.

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರು ಲಗೇಜ್ ಟಿಕೆಟ್ ಹರಿದು ಕೈಗಿಟ್ಟು, ದಾರಿಯಲ್ಲಿ ಬುಟ್ಟಿ ಇಡಕೂಡದೆಂದು ತೊಡೆಯ ಮೇಲೇ ಕೂರಿಸಿದ. ಇಸ್ತ್ರಿ ಮಾಡಿಸಿದ ಬಿಳೀ ಪ್ಯಾಂಟಿನ ಮೇಲೆ ಕೋಳಿಗಳು ತಮ್ಮ ಕೆಲಸ ತಾವು ಮಾಡಿದವು. ಸಂಜೀವಪ್ಪನಿಗೆ ಬೇಜಾರೇನೂ ಆಗಲಿಲ್ಲ. ಬದುಕಿನಲ್ಲಿ ಮೊದಲ ಸಲ ಏನನ್ನೋ ತನ್ನದೆಂದಿದ್ದ.

ಕಂಬದೂರಿನಲ್ಲಿ ಹಿಂದಿನ ಸೀಟಿನ ಮುದುಕಿ ಪೋಲಮ್ಮ ಎದ್ದು ಬಂದು ಬುಟ್ಟಿಗೆ ಕೈ ಹಾಕಿದಳು. ಟಿಕೆಟ್ ತಪ್ಪಿಸಲೆಂದು ಅಲ್ಲಿಯವರೆಗೂ ಬಾಯಿ ಮುಚ್ಚಿಕೊಂಡು ಕೂತಿದ್ದ ಮಹಾತಾಯಿ ಅವಳು.

"ನನ್ ಕೋಳಿ ಕೊಡಪ್ಪ, ಇಳೀತೀನಿ."

"ಏಯ್ ಅವ್ವಾ, ಬಿಡು! ಟಿಕೆಟ್ ತಗೊಂಡೋನು ಅವ್ನು, ಕೋಳಿ ಅವ್ನ್ದೇ," ಎಂದ ಕಂಡಕ್ಟರು.

"ಅಯ್ಯಯ್ಯೋ, ದೊಂಗನಾ ಕೊಡಕಾ, ಕಳ್ ನನ್ಮಗನೇ! ನಾನು ಸಾಕಿದ್ ಕೋಳೀನ ನಂದು ಅಂತಾನಲ್ಲ! ಮೈಮೇಲೆ ಬಿಳೀ ಬಟ್ಟೆ ಬೇರೆ!"

ಬಸ್ಸಿನವರೆಲ್ಲ ಸಾಕ್ಷಿ ಹೇಳಿದರು, ನಂದು ಎಂದು ಇವನು ಕೂಗಿದ್ದನ್ನು ತಾವು ಕಿವಿಯಾರೆ ಕೇಳಿದ್ದೇವೆಂದು. "ನಿಂದೇ ಕಣಮ್ಮ, ತಗೊಂಡೋಗು ತಾಯಿ," ಎಂದು ಸಂಜೀವಪ್ಪ ಕೈಮುಗಿದು ಬುಟ್ಟಿ ಕೊಡುವಷ್ಟರಲ್ಲಿ ಅವನ ಮಾನವೆಲ್ಲ ಕಂಬದೂರಿನ ಬಸ್‌ಸ್ಟ್ಯಾಂಡಿನಲ್ಲಿ ಹರಾಜಾಗಿತ್ತು.

"ನೋಡ್ದ್ಯಾ," ಎಂದ ಓಬುಳಪತಿ, "ಮತ್ತೆ 'ನಿಂದು' ಅಂದ್ಯಲ್ಲ! ಅಲ್ಲಿ ಹಿಂಗೆ ಮಾಡ್ಬ್ಯಾಡ."

ಕಲ್ಯಾಣದುರ್ಗದ ಆಟದ ಬಯಲಿನಲ್ಲಿ ಸರಸ್ವತಮ್ಮ ಸೆರಗು ಬಿಗಿದು, ಕ್ಯಾನ್ವಾಸ್ ಷೂ ಹಾಕಿಕೊಂಡು ನಿಂತಿದ್ದಳು. ಮೈ ಸ್ವಲ್ಪ ತುಂಬಿತ್ತು, ಕನ್ನಡಕ ಬಂದಿತ್ತು. ನಗು ಮಾತ್ರ ಹಾಗೇ ಇತ್ತು.

"ಬಂದ್ಯಾ ಸಂಜೀವ? ಬರಲ್ವೇನೋ ಅಂದ್ಕೊಂಡಿದ್ದೆ. ಪ್ಯಾಂಟಿಗೇನಾಯ್ತು?"

"ಕೋಳಿ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಆಗ ಹೆಂಗಾಡ್ತಿದ್ವೋ ಹಂಗೇ ಆಡಣ, ಏನು?"

ಪಾಪ, ಕಿವಿ ಹಿಂಡಿ ಎಚ್ಚರಿಸುತ್ತಿದ್ದಾಳೆ ಎಂದುಕೊಂಡ ಸಂಜೀವಪ್ಪ. ಆಗ ಹೇಗೆ ಆಡಿ ಎಲ್ಲ ಕಳಕೊಂಡೆವೋ, ನೋಡು, ಹಾಗೇ ಮಾಡಬೇಡ ಎಂದು ಚುಚ್ಚಿದಳು ಎಂದೇ ಅವನಿಗೆ ಕೇಳಿಸಿತು. ಹಲ್ಲು ಕಚ್ಚಿ ಬ್ಯಾಟು ಬಿಗಿಹಿಡಿದ.

ಎದುರಿನ ಜೋಡಿ, ಸೀರೆ ಅಂಗಡಿಯ ಸೀತಾರಾಮಪ್ಪ ಮತ್ತು ಅವನ ತಂಗಿ ಗಂಗಾದೇವಿ. ಸೀತಾರಾಮಪ್ಪ ಬಕ್ಕ ತಲೆಯ ಸಾಧು ಮನುಷ್ಯ. ಬಾಲು ಹೊಡೆದ ಮೇಲೆ ಅದಕ್ಕೆ ನೋವಾಯಿತೇನೋ ಎಂಬಂತೆ ನೋಡುವವನು.

ಮೊದಲ ಬಾಲೇ ನಡುವೆ ಬಂತು. ಸರಸ್ವತಮ್ಮ ಬ್ಯಾಟು ಎತ್ತಿದ್ದಳು. ಸಂಜೀವಪ್ಪನ ನಾಲಗೆ ತುದಿಗೆ ಹಳೇ ಮಾತು ಬಂತು, ಅದನ್ನು ನುಂಗಿ, "ನಂದೂ!" ಎಂದು ಅಬ್ಬರಿಸಿ ಅವಳ ಮುಂದೆ ಹಾರಿ ಹೊಡೆದ. ಪಾಯಿಂಟು! ಓಬುಳಪತಿ ಟವೆಲ್ ತಿರುಗಿಸುತ್ತ ಕುಣಿದ. ಸರಸ್ವತಮ್ಮ ಆಶ್ಚರ್ಯದಿಂದ ನೋಡಿದಳು. ಮೆಚ್ಚಿದಳು ಎಂದು ಇವನು ಹಿಗ್ಗಿದ.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ನಡುವಿನದು ನಂದು, ಎಡಗಡೆಯದು ನಂದು, ಅವಳ ಮೂಗಿನ ನೇರಕ್ಕೆ ಬಂದದ್ದೂ ನಂದು. ಎಮ್ಮೆ ಕೆರೆಗೆ ನುಗ್ಗಿದ ಹಾಗೆ ನುಗ್ಗುತ್ತಿದ್ದ. ಒಂದು ಸಲ ಅವಳ ಕಾಲು ತುಳಿದ, ಇನ್ನೊಂದು ಸಲ ಕನ್ನಡಕ ಬೀಳಿಸಿದ. ಅವಳು ಕನ್ನಡಕ ಎತ್ತಿಕೊಂಡು ಒರೆಸಿ ಹಾಕಿಕೊಂಡಳು. ಆಚೆ ಕಡೆ ಸೀತಾರಾಮಪ್ಪ ಮಾತ್ರ, "ನಿಂದಮ್ಮಾ, ನೀನ್ ಹೊಡಿ," ಎಂದು ತಂಗಿಗೆ ಬಿಟ್ಟು ಬಿಟ್ಟು ಸೋಲುತ್ತಿದ್ದ. ಇಪ್ಪತ್ತು ವರ್ಷದ ಹಿಂದಿನ ತನ್ನನ್ನೇ ಎದುರಿಗಿಟ್ಟುಕೊಂಡು ಬಡಿಯುತ್ತಿರುವಂತೆ ಸಂಜೀವಪ್ಪನಿಗೆ ಅನ್ನಿಸಿ ತೋಳಿಗೆ ಇನ್ನಷ್ಟು ಕಸುವು ಬಂತು. ಕೊನೆ ಕೊನೆಗೆ ಸರಸ್ವತಮ್ಮ ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಕಂಬದ ಪಕ್ಕ ನಿಂತುಬಿಟ್ಟಿದ್ದಳು. ತನ್ನ ಮೇಲೆ ಅಷ್ಟು ಭರವಸೆ ಅವಳಿಗೆ ಎಂದುಕೊಂಡ ಇವನು.

ಗೆದ್ದರು. ಮೈಕಿನವನು ಕಿರುಚಿದ. ಊರ ದೊಡ್ಡವರೊಬ್ಬರು ಕಪ್ಪು ಕೊಟ್ಟರು. ಅದನ್ನೂ ಸಂಜೀವಪ್ಪನೇ ಎರಡೂ ಕೈ ಚಾಚಿ ತೆಗೆದುಕೊಂಡ.

ಬೇವಿನ ಮರದ ಕೆಳಗೆ ಅವಳೊಬ್ಬಳೇ ಷೂ ಬಿಚ್ಚುತ್ತ ಕೂತಿದ್ದಳು. ಓಬುಳಪತಿ ದೂರದಿಂದ, ಹೋಗು ಹೋಗು ಎಂದು ಕೈ ಮಾಡಿದ. ಸಂಜೀವಪ್ಪ ಉಸಿರು ಬಿಗಿಹಿಡಿದು ಹತ್ತಿರ ಹೋಗಿ ನಿಂತ.

"ಸರಸ್ವತೀ, ಆವತ್ತು ಬಾಯಿ ಬಿಡದೆ ಕೆಟ್ಟೆ. ಇವತ್ತು ಹೇಳ್ತೀನಿ. ನೀನು ನಂದು... ನನ್ನೋಳು. ಮದುವೆ ಮಾಡ್ಕೊಳ್ಳಣ."

ಅವಳು ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು.

"ಕೂತ್ಕೊಳ್ಳಿ ಸಂಜೀವಪ್ಪನೋರೆ," ಎಂದಳು.

ಬೆಳಗ್ಗೆ 'ಬಂದ್ಯಾ ಸಂಜೀವ' ಎಂದಿದ್ದವಳು. ಆ 'ಪ್ಪನೋರೆ' ಕೇಳಿದ ಕೂಡಲೇ ಸಂಜೀವಪ್ಪ ಕಪ್ಪನ್ನು ನೆಲಕ್ಕಿಟ್ಟು ಕೂತ.

"ನಮ್ಮಪ್ಪ ಕೇಳಿದಾಗ ನೀವು 'ಅವಳು ಹೆಂಗಂದ್ರೆ ಹಂಗೆ' ಅಂದ್ರಂತೆ. ಅಪ್ಪ ಅದನ್ನ ಹೇಳ್ಕೊಂಡು ನಕ್ರು. ನಾನು ಅಟ್ಟದ ಮೇಲೆ ಹೋಗಿ ಅತ್ತೆ. ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ಸಿದ್ದು ಈ ಲೋಕದಾಗೆ ನಿಮಗೊಬ್ರಿಗೇ. ನನ್ ಗಂಡ ಇದ್ರಲ್ಲ, ಅವರಿಗೆ ಎಲ್ಲಾ ಅವರ್ದೇ. ನಾನ್ ಉಡೋ ಸೀರೆ, ತಿನ್ನೋ ಅನ್ನ, ಆಡೋ ಮಾತು. ನನ್ ಬ್ಯಾಟು ಒಲೆಗಾಕಿದ್ರು. ಆಗೆಲ್ಲ ನಿಮ್ಮ ಆ 'ನಿಂದು' ಅನ್ನೋ ಮಾತನ್ನ ನೆನಸ್ಕೊಂಡು ಬದುಕಿದೆ. ಅದನ್ನ ಇನ್ನೊಂದ್ಸಲ ಕೇಳಣ ಅಂತ ಕರೆಸ್ದೆ. ಇವತ್ತು ಒಂದು ಬಾಲಾದ್ರೂ ಬಿಡ್ತೀರಾ ಅಂತ ಕೊನೇವರ್ಗೂ ಕಾಯ್ದೆ ಸಂಜೀವಪ್ಪನೋರೆ."

"ಇಲ್ಲ ಇಲ್ಲ, ನಾನು ಹಂಗಲ್ಲ, ನಿಂಬೆಹಣ್ಣು... ಓಬುಳಪತಿ... ನೀನು ಹೆಂಗಂದ್ರೆ ಹಂಗೆ!" ಎಂದು ಸಂಜೀವಪ್ಪ ತೊದಲಿದ.

ಅಷ್ಟರಲ್ಲಿ ಸೋತ ಸೀತಾರಾಮಪ್ಪ ಬಂದ. "ಬಾಳ ಚೆನ್ನಾಗಿ ಆಡ್ದ್ರಿ ಸಾರ್," ಎಂದು ಸಂಜೀವಪ್ಪನ ಕೈ ಕುಲುಕಿ, ಅವಳ ಕಡೆ ತಿರುಗಿ ತಲೆ ಕೆರೆದುಕೊಂಡ. "ಟೀಚರಮ್ಮ, ಬಿಸಿಲಾಗೆ ಬಳಲ್ಬಿಟ್ಟಿದ್ದೀರ. ಸೋಡಾ ತರಲೋ, ಟೀ ತರಲೋ? ನೀವ್ ಹೆಂಗಂದ್ರೆ ಹಂಗೆ."

ಸರಸ್ವತಮ್ಮ ಸಂಜೀವಪ್ಪನನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಇವರು ಯುಗಾದಿಯಿಂದ ಕೇಳ್ತಾವ್ರೆ, ಮದುವೆ ಮಾಡ್ಕೊಳ್ತೀರಾ ಅಂತ. ಒಬ್ರನ್ನ ನೋಡ್ಬೇಕು, ನೋಡಿದ್ಮೇಲೆ ಹೇಳ್ತೀನಿ ಅಂದಿದ್ದೆ," ಎಂದಳು. ಎದ್ದು, ಷೂ ಕೈಯಲ್ಲಿ ಹಿಡಿದು, ಸೀತಾರಾಮಪ್ಪನಿಗೆ, "ಟೀ ಕುಡಿಯಣ ಬನ್ನಿ. ಹೇಳೋದೈತೆ," ಎಂದಳು.

ಇಬ್ಬರೂ ಬಯಲು ದಾಟಿ ಹೋದರು. ಗೇಟಿನ ಹತ್ತಿರ ಅವಳೇನೋ ಹೇಳಿದಳು. ಸೀತಾರಾಮಪ್ಪ ನಿಂತಲ್ಲೇ ನಿಂತು, ಟವೆಲಿನಿಂದ ಕಣ್ಣೊರೆಸಿಕೊಂಡ.

ಓಬುಳಪತಿ ಏದುಸಿರು ಬಿಡುತ್ತ ಓಡಿ ಬಂದು ಸಂಜೀವಪ್ಪನ ಭುಜ ಅಲ್ಲಾಡಿಸಿದ. "ಏನಾತ್ಲಾ? ಒಪ್ಪಿದ್ಲಾ?"

ಸಂಜೀವಪ್ಪ ಗೇಟಿನ ಕಡೆಗೇ ನೋಡುತ್ತಿದ್ದ.

"ಒಪ್ಪಿದ್ಲು," ಎಂದ.

ಓಬುಳಪತಿ ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿ, ಹಿಂದೂಪುರಕ್ಕೆ ಟ್ರಂಕ್ ಕಾಲ್ ಹಾಕಿ ಬೀದಿಗೆಲ್ಲ ಸುದ್ದಿ ಮುಟ್ಟಿಸಲು ಟೆಲಿಫೋನ್ ಎಕ್ಸ್‌ಚೇಂಜಿನ ಕಡೆ ಓಡಿದ. ಸಂಜೀವಪ್ಪ ಬಾಯಿ ತೆರೆದ, ಆದರೆ ಬೆಳಗಿನಿಂದ 'ನಂದು' 'ನಂದು' ಎಂದು ಅರಚಿದ ಗಂಟಲಲ್ಲಿ ಕೂಗಲು ದನಿಯೇ ಉಳಿದಿರಲಿಲ್ಲ.